ಸ್ವತಂತ್ರ ವಿಡಿಯೋ ಆಟಗಳ ಗುಣವಿಚಾರ

ವಿಡಿಯೋ ಆಟವು ಬಾಲಕರ ವಿನೋದಮಾತ್ರವೆಂಬ ಭಾವನೆಯು ಈಗ ಬಹುಮಟ್ಟಿಗೆ ಅಳಿದುಹೋಗಿದೆ. ಚಿತ್ರ, ಸಂಗೀತ, ಕಥೆ, ಗಣಿತ ಇವು ನಾಲ್ಕೂ ಕೂಡಿದ ಒಂದು ಕಲೆಯಾಗಿಯೂ, ಅಪಾರವಾದ ಹಣವು ಹರಿದಾಡುವ ಒಂದು ವಾಣಿಜ್ಯವಾಗಿಯೂ ಅದು ಬೆಳೆದು ನಿಂತಿರುವುದು. ದೊಡ್ಡ ಕಂಪೆನಿಗಳ ಆಟವೊಂದನ್ನು ನೂರಾರು ಜನರು, ಒಮ್ಮೊಮ್ಮೆ ಸಾವಿರಾರು ಜನರು, ವರ್ಷಗಟ್ಟಲೆ ದುಡಿದು ಸಿದ್ಧಪಡಿಸುವರು. ಇಂತಹವುಗಳ ಪಕ್ಕದಲ್ಲಿಯೇ, ಒಬ್ಬರೋ ಇಬ್ಬರೋ, ಹೆಚ್ಚೆಂದರೆ ಒಂದು ಕೊಠಡಿಯಲ್ಲಿ ಹಿಡಿಸುವಷ್ಟು ಮಂದಿಯೋ ಸೇರಿ, ಯಾರ ಆಜ್ಞೆಗೂ ಒಳಪಡದೆ ಮಾಡುವ ಆಟಗಳ ಇನ್ನೊಂದು ವರ್ಗವುಂಟು. ಇವಕ್ಕೆ ‘ಇಂಡೀ’ ಆಟಗಳೆಂದು ರೂಢಿಯ ಹೆಸರು. ಕನ್ನಡದಲ್ಲಿ ಸ್ವತಂತ್ರ ಆಟಗಳೆನ್ನಬಹುದು. ಇವುಗಳಲ್ಲಿ ಕಾಣುವ ಗುಣವು ಎಂತಹುದು, ಅದು ಎಲ್ಲಿಂದ ಬಂದಿತು, ಅದನ್ನು ಸಾಧಿಸುವವರಿಗೆ ಒದಗುವ ಕಷ್ಟಗಳಾವುವು ಎಂಬುದು ವಿಚಾರಾರ್ಹವಾಗಿದೆ.

ಮೊದಲು ‘ಸ್ವತಂತ್ರ’ ಎಂಬ ಪದದ ಅರ್ಥವನ್ನು ನಿಷ್ಕರ್ಷಿಸಬೇಕು. ಕರ್ತೃಗಳ ಸಂಖ್ಯೆಯು ಅಲ್ಪವಾಗಿರುವುದೇ ಲಕ್ಷಣವೆಂದು ಕೆಲವರು, ಹೊರಗಿನ ಹಣವನ್ನು ಪಡೆಯದಿರುವುದೇ ಲಕ್ಷಣವೆಂದು ಮತ್ತೆ ಕೆಲವರು ಹೇಳುವರು. ಎರಡೂ ಪೂರ್ಣವಾಗಿ ಸಲ್ಲುವುದಿಲ್ಲ. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ‘ಟೀಮ್ ಚೆರಿ’ ಎಂಬ ಚಿಕ್ಕ ಗುಂಪು ಮಾಡಿದ ‘ಹಾಲೋ ನೈಟ್’ (೨೦೧೭) ಎಂಬ ಆಟಕ್ಕೆ ೨೦೧೪ರಲ್ಲಿ ಸಾರ್ವಜನಿಕರಿಂದ ಚಂದಾ ಎತ್ತಲಾಗಿತ್ತು. ೨೦೨೪ನೆಯ ಫೆಬ್ರವರಿಯಲ್ಲಿ ಹೊರಬಂದು ಒಂದು ತಿಂಗಳೊಳಗೆ ಹತ್ತು ಲಕ್ಷ ಪ್ರತಿಗಳು ಮಾರಿಹೋದ ‘ಬಲಾಟ್ರೊ’ ಎಂಬ ಇಸ್ಪೀಟಿನ ಆಟವನ್ನು ಕೆನಡಾ ದೇಶದ ಒಬ್ಬರೇ ವ್ಯಕ್ತಿ ‘ಲೋಕಲ್‌ಥಂಕ್’ ಎಂಬ ಅಂಕಿತದಿಂದ ರಚಿಸಿದರು. ಅದನ್ನು ಮಾರುಕಟ್ಟೆಗೆ ತಂದವರಾದರೋ ಒಂದು ಪ್ರಕಾಶನ ಸಂಸ್ಥೆಯವರು. ಇವೆರಡನ್ನೂ ಸ್ವತಂತ್ರ ಆಟಗಳೆನ್ನಲು ಯಾರೂ ಹಿಂಜರಿಯುವುದಿಲ್ಲ. ಆದುದರಿಂದ ಆಟದಲ್ಲಿ ಏನಿರಬೇಕು, ಏನಿರಬಾರದು ಎಂಬ ಕೊನೆಯ ತೀರ್ಮಾನವು ಅದನ್ನು ಕೈಯಾರೆ ಮಾಡಿದವರಲ್ಲಿಯೇ ಇರುವುದು ಎಂಬುದನ್ನೇ ಲಕ್ಷಣವಾಗಿ ಇಟ್ಟುಕೊಳ್ಳುವುದು ಯುಕ್ತ. ಇವುಗಳ ಗುಣಕ್ಕೂ ಕರ್ತೃಗಳ ಕಷ್ಟಕ್ಕೂ ಮೂಲವು ಈ ಒಂದೇ ಸಂಗತಿಯಲ್ಲಿದೆ. ತೀರ್ಮಾನವು ಒಂದೇ ಕೈಯಲ್ಲಿರುವುದರಿಂದ ಆಟಕ್ಕೆ ಏಕತೆಯು ಬರುವುದು. ಆ ಒಂದೇ ಕೈಯ ಮೇಲೆ ಎಲ್ಲ ಭಾರವೂ ಬೀಳುವುದರಿಂದ ಕರ್ತೃವಿನ ಆಯುಸ್ಸು, ಆರೋಗ್ಯ, ಹಣ ಇವು ಅದರೊಳಗೆ ಕರಗಿಹೋಗುವುವು.

ಈ ವರ್ಗವು ಇತ್ತೀಚಿನದೆಂದು ಹೇಳುವ ವಾಡಿಕೆಯುಂಟು. ವಸ್ತುತಃ ಇದು ಹಳೆಯದಕ್ಕೆ ಬಂದ ಮರುಹುಟ್ಟು. ೧೯೮೦ರ ದಶಕದ ಆದಿಯಲ್ಲಿ ಇಂಗ್ಲೆಂಡಿನ ಮನೆಗಳಿಗೆ ಚಿಕ್ಕ ಕಂಪ್ಯೂಟರುಗಳು ಬಂದಾಗ, ಒಬ್ಬನೇ ಕುಳಿತು ಆಟವನ್ನು ರಚಿಸುವುದು ಸಾಮಾನ್ಯವಾಗಿತ್ತು. ೧೯೮೩ರ ‘ಮ್ಯಾನಿಕ್ ಮೈನರ್’ ಎಂಬುದನ್ನು ಬರೆದ ಮ್ಯಾಥ್ಯೂ ಸ್ಮಿತ್ ಆಗ ಹದಿನೇಳು ವರ್ಷದ ಹುಡುಗ. ೧೯೮೪ರ ‘ಎಲೀಟ್’ ಎಂಬುದನ್ನು ಕೇಂಬ್ರಿಜ್ಜಿನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, ಮಾಡಿದರು. ೩೨ ಕಿಲೋಬೈಟುಗಳಷ್ಟು ಮಾತ್ರ ಸ್ಮರಣಶಕ್ತಿಯಿದ್ದ ಯಂತ್ರದಲ್ಲಿ ಅವರು ಎಂಟು ನಕ್ಷತ್ರಮಂಡಲಗಳನ್ನೂ ಒಂದೊಂದರಲ್ಲಿ ೨೫೬ ಲೋಕಗಳನ್ನೂ ತೋರಿಸಿದರು. ಆ ಲೋಕಗಳು ಯಂತ್ರದಲ್ಲಿ ಎಲ್ಲಿಯೂ ಬರೆದಿಟ್ಟವುಗಳಲ್ಲ. ಒಂದು ಬೀಜಸಂಖ್ಯೆಯಿಂದ ಬೇಕಾದಾಗಲೆಲ್ಲ ಲೆಕ್ಕಹಾಕಿ ಪಡೆದವುಗಳು. ಸ್ಥಳವಿಲ್ಲದ ಕಾರಣದಿಂದ ಹುಟ್ಟಿದ ಈ ಉಪಾಯವು ಮುಂದೆ ಬಂದ ಅನೇಕ ಸ್ವತಂತ್ರ ಆಟಗಳಿಗೆ ಮೂಲಧನವಾಯಿತು.

ಆಮೇಲೆ ಮಾರ್ಗವು ಮುಚ್ಚಿತು. ಜಪಾನಿನ ನಿಂಟೆಂಡೊ ಕಂಪೆನಿಯು ತನ್ನ ಆಟದ ಪೆಟ್ಟಿಗೆಯೊಳಗೆ ಬೀಗದಂತಹ ಒಂದು ಚಿಪ್ಪನ್ನಿಟ್ಟು, ಪರವಾನೆಯಿಲ್ಲದವರ ಆಟವು ಅದರಲ್ಲಿ ನಡೆಯದಂತೆ ಮಾಡಿತು. ಆಟಗಳು ದೊಡ್ಡವಾದಂತೆ ಖರ್ಚೂ ಬೆಳೆಯಿತು. ಅಂಗಡಿಯ ಕಪಾಟಿನಲ್ಲಿ ಸ್ಥಾನವನ್ನು ಪಡೆಯಲು ಪ್ರಕಾಶಕರಿಲ್ಲದೆ ಆಗದೆಂಬ ಸ್ಥಿತಿಯು ಬಂದಿತು. ಅಂತರಜಾಲದ ಮೂಲಕ ಆಟವನ್ನು ನೇರವಾಗಿ ಕಳುಹಿಸುವ ಅನುಕೂಲವು ಬಂದ ಮೇಲೆಯೇ ಬಾಗಿಲು ಮತ್ತೆ ತೆರೆದುದು. ಜಪಾನಿನ ದೈಸುಕೆ ಅಮಾಯಾ ಎಂಬುವರು ಬಿಡುವಿನ ವೇಳೆಯಲ್ಲಿ ಐದು ವರ್ಷ ದುಡಿದು, ಚಿತ್ರ ಸಂಗೀತ ಕಥೆಗಳೆಲ್ಲವನ್ನೂ ತಾವೇ ಮಾಡಿ, ೨೦೦೪ನೆಯ ಡಿಸೆಂಬರಿನಲ್ಲಿ ‘ಕೇವ್ ಸ್ಟೋರಿ’ ಎಂಬ ಆಟವನ್ನು ಯಾವ ಬೆಲೆಯೂ ಇಲ್ಲದೆ ಲೋಕಕ್ಕೆ ಕೊಟ್ಟರು. ೨೦೦೮ರಲ್ಲಿ ಜೊನಾಥನ್ ಬ್ಲೋ ಎಂಬುವರ ‘ಬ್ರೇಡ್’ ಬಂದಿತು. ಅದರಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವುದೇ ಆಟದ ಮುಖ್ಯ ಕ್ರಿಯೆ. ಹೀಗೆ ಮಾಡಿದ ಆಟವನ್ನು ಹಣ ಕೊಟ್ಟು ಕೊಳ್ಳುವ ಜನರು ದೊಡ್ಡ ಸಂಖ್ಯೆಯಲ್ಲಿರುವರೆಂಬುದು ಆಗ ಸ್ಥಿರಪಟ್ಟಿತು.

ಇನ್ನು ಗುಣದ ವಿಷಯ. ಇದನ್ನು ಸಾಮಾನ್ಯ ಮಾತುಗಳಿಂದ ಹೇಳುವುದಕ್ಕಿಂತ ಒಂದು ಉದಾಹರಣೆಯನ್ನು ಹತ್ತಿರದಿಂದ ಪರೀಕ್ಷಿಸುವುದು ಮೇಲು. ಲೂಕಸ್ ಪೋಪ್ ಎಂಬ ಅಮೆರಿಕನರು ದೊಡ್ಡ ಕಂಪೆನಿಯೊಂದರಲ್ಲಿ ‘ಅನ್‌ಚಾರ್ಟೆಡ್’ ಎಂಬ ಸಾಹಸದ ಆಟಗಳಿಗಾಗಿ ಕೆಲಸಮಾಡಿ, ಅದನ್ನು ಬಿಟ್ಟು ಜಪಾನಿಗೆ ಹೋಗಿ ನೆಲೆಸಿದರು. ಅಲ್ಲಿ ತಾವೊಬ್ಬರೇ ರಚಿಸಿ ೨೦೧೩ನೆಯ ಆಗಸ್ಟಿನಲ್ಲಿ ಪ್ರಕಟಿಸಿದ ಆಟಕ್ಕೆ ‘ಪೇಪರ್ಸ್, ಪ್ಲೀಸ್’ ಎಂದು ಹೆಸರು. ಆಟಗಾರನು ಇದರಲ್ಲಿ ವೀರನಲ್ಲ. ಆರ್ಸ್ಟೋಟ್ಸ್‌ಕಾ ಎಂಬ ಕಲ್ಪಿತ ರಾಜ್ಯದ ಗಡಿಯ ಕಟ್ಟೆಯಲ್ಲಿ, ೧೯೮೨ನೆಯ ಇಸವಿಯಲ್ಲಿ, ರಹದಾರಿಗಳನ್ನು ತನಿಖೆಮಾಡುವ ಒಬ್ಬ ಗುಮಾಸ್ತ. ಕಿಟಕಿಗೆ ಒಬ್ಬೊಬ್ಬರಾಗಿ ಬರುವವರ ಕಾಗದಗಳಲ್ಲಿ ಹೆಸರು, ತಾರೀಖು, ಮೊಹರು, ಭಾವಚಿತ್ರ ಇವು ಒಂದಕ್ಕೊಂದು ಹೊಂದುವುವೋ ಎಂದು ನೋಡಿ, ಒಪ್ಪಿಗೆಯ ಅಥವಾ ನಿರಾಕರಣೆಯ ಮುದ್ರೆಯನ್ನು ಒತ್ತಬೇಕು. ದಿನದಿನವೂ ಹೊಸ ಹೊಸ ನಿಯಮಗಳು ಬರುವುವು. ಕಾಗದಗಳನ್ನು ಹರಡಿಕೊಳ್ಳಲು ಇರುವ ಮೇಜು ಬಹು ಚಿಕ್ಕದು. ಕೂಲಿಯು ತಲೆಯೊಂದಕ್ಕೆ ಇಷ್ಟೆಂದು ಗೊತ್ತಾಗಿದೆ. ತಪ್ಪುಗಳು ಹೆಚ್ಚಿದರೆ ದಂಡ. ಸಂಜೆ ಮನೆಗೆ ಹೋದ ಮೇಲೆ ಬಾಡಿಗೆ, ಊಟ, ಮನೆಯನ್ನು ಬೆಚ್ಚಗಿಡುವ ಖರ್ಚು, ಔಷಧಿ ಇವುಗಳ ಲೆಕ್ಕ. ಎಲ್ಲಕ್ಕೂ ಸಾಲುವುದಿಲ್ಲ, ಯಾವುದನ್ನು ಬಿಡಬೇಕೆಂದು ಆಟಗಾರನೇ ನಿಶ್ಚಯಿಸಬೇಕು.

ಒಂದು ದಿನ ಒಬ್ಬ ಗಂಡಸು ಸರಿಯಾದ ಕಾಗದಗಳೊಡನೆ ಬಂದು ಒಳಕ್ಕೆ ಹೋಗುವನು. ಹಿಂದೆ ಬರುವ ತನ್ನ ಹೆಂಡತಿಯ ಮೇಲೆ ದಯೆಯಿರಲೆಂದು ಹೇಳಿಹೋಗುವನು. ಹೆಂಡತಿಯ ಬಳಿ ಒಂದು ಕಾಗದವು ಇಲ್ಲ. ಅವಳನ್ನು ಬಿಟ್ಟರೆ ಆಟಗಾರನ ಲೆಕ್ಕಕ್ಕೆ ಒಂದು ತಪ್ಪು. ತಡೆದರೆ ಆ ದಂಪತಿಗಳು ಅಗಲುವರು. ಇಲ್ಲಿ ಕರ್ತೃವು ಉಪದೇಶವನ್ನೇನೂ ಮಾಡುವುದಿಲ್ಲ, ಕರುಣೆಯ ಸಂಗೀತವನ್ನೂ ನುಡಿಸುವುದಿಲ್ಲ. ಕೈಯಲ್ಲಿ ಎರಡು ಮುದ್ರೆಗಳಿರುವುವು, ಗಡಿಯಾರವು ಓಡುತ್ತಿರುವುದು, ಮನೆಯಲ್ಲಿ ಮಗನಿಗೆ ಕಾಯಿಲೆಯಿರಬಹುದು, ಅಷ್ಟೆ. ಸಾಮಾನ್ಯನೊಬ್ಬನು ಕ್ರೂರವಾದ ಆಡಳಿತಕ್ಕೆ ಹೇಗೆ ಕೈಯಾಗುವನೆಂಬುದನ್ನು ಕಥೆಯಲ್ಲಿ ಓದಿ ತಿಳಿಯುವುದು ಒಂದು ಬಗೆ. ತನ್ನ ಕೈಯಿಂದಲೇ ಮುದ್ರೆಯನ್ನೊತ್ತಿ ತಿಳಿಯುವುದು ಇನ್ನೊಂದು ಬಗೆ. ಎರಡನೆಯದು ಆಟವೆಂಬ ಕಲೆಗೆ ಮಾತ್ರ ಸಾಧ್ಯವಾದುದು. ಗುಮಾಸ್ತನ ಬೇಸರವನ್ನೇ ವಸ್ತುವಾಗುಳ್ಳ ಆಟಕ್ಕೆ ಕೋಟಿಗಟ್ಟಲೆ ಹಣವನ್ನು ಹೂಡಲು ಯಾವ ಆಡಳಿತಮಂಡಲಿಯೂ ಸುಲಭವಾಗಿ ಒಪ್ಪಲಾರದು. ಪೋಪ್ ಅವರು ಸುಮಾರು ಒಂಬತ್ತು ತಿಂಗಳ ತಮ್ಮ ದುಡಿಮೆಯನ್ನು ಮಾತ್ರ ಪಣವಾಗಿಟ್ಟರು. ಸ್ವತಂತ್ರ ಆಟಗಳ ಉತ್ಸವದಲ್ಲಿ ೨೦೧೪ನೆಯ ಮಹಾಬಹುಮಾನವು ಈ ಆಟಕ್ಕೆ ದೊರೆಯಿತು.

ಅವರ ಮುಂದಿನ ಕೃತಿಯಾದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ (೨೦೧೮) ಸಾಧನದ ಮಿತಿಯನ್ನು ಬುದ್ಧಿಪೂರ್ವಕವಾಗಿ ಆರಿಸಿಕೊಂಡ ನಿದರ್ಶನವಾಗಿದೆ. ೧೮೦೭ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಿಮಾಪರೀಕ್ಷಕನೊಬ್ಬನು, ಜನರಿಲ್ಲದೆ ತೇಲಿ ಬಂದ ಹಡಗನ್ನು ಹತ್ತಿ, ಅದರಲ್ಲಿದ್ದ ೬೦ ಮಂದಿಗೂ ಏನಾಯಿತೆಂದು ಕಂಡುಹಿಡಿಯಬೇಕು. ದೃಶ್ಯವೆಲ್ಲವೂ ಎರಡೇ ಬಣ್ಣಗಳಲ್ಲಿ, ಹಳೆಯ ಮ್ಯಾಕಿಂಟಾಷ್ ಯಂತ್ರದ ತೆರೆಯನ್ನು ನೆನಪಿಗೆ ತರುವ ಕಪ್ಪು ಬಿಳಿಯ ಚುಕ್ಕೆಗಳಲ್ಲಿ ರಚಿತವಾಗಿದೆ. ಇದು ಸುಲಭದ ದಾರಿಯಲ್ಲ. ನೋಟವು ತಿರುಗಿದಾಗ ಚುಕ್ಕೆಗಳೆಲ್ಲವೂ ಹುಳುಗಳಂತೆ ಹರಿದಾಡಿ ಕಣ್ಣಿಗೆ ನೋವಾಗುವುದರಿಂದ, ಅವುಗಳನ್ನು ಸ್ಥಿರವಾಗಿ ನಿಲ್ಲಿಸುವುದಕ್ಕಾಗಿಯೇ ಅವರು ಬಹಳವಾಗಿ ಶ್ರಮಪಟ್ಟರು. ಮೂವರ ಗತಿಯನ್ನು ಸರಿಯಾಗಿ ಬರೆದಾಗ ಮಾತ್ರ ಆಟವು ಅದನ್ನು ದೃಢಪಡಿಸುವುದು. ಹೀಗಾಗಿ ಊಹೆಯಿಂದ ಗೆಲ್ಲುವುದು ಕಷ್ಟ, ತರ್ಕದಿಂದ ಗೆಲ್ಲುವುದು ಸಾಧ್ಯ. ಒಬ್ಬನ ಉಡುಪು, ಮತ್ತೊಬ್ಬನ ಮಾತಿನ ಧಾಟಿ, ಮಲಗುವ ಜೋಲಿಯ ಮೇಲಿನ ಸಂಖ್ಯೆ, ಇವೇ ಸಾಕ್ಷಿಗಳು. ಮೊದಲನೆಯದು ಒಂಬತ್ತು ತಿಂಗಳಿನಲ್ಲಿ ಮುಗಿದರೆ ಇದು ನಾಲ್ಕು ವರ್ಷಗಳನ್ನು ಮೀರಿಸಿತೆಂಬುದನ್ನೂ ಗಮನಿಸಬೇಕು.

ಸ್ವಾತಂತ್ರ್ಯದಿಂದ ಬರುವ ಇನ್ನೊಂದು ಲಾಭವೆಂದರೆ ವಸ್ತುವೈವಿಧ್ಯ. ಟೊರಾಂಟೋ ನಗರದ ವಿಸೈ ಗೇಮ್ಸ್ ಎಂಬ ಚಿಕ್ಕ ಗುಂಪಿನ ‘ವೆಣ್ಬಾ’ (೨೦೨೩) ಎಂಬ ಆಟದಲ್ಲಿ ಕೆನಡಾಕ್ಕೆ ವಲಸೆಹೋದ ತಮಿಳು ಗೃಹಿಣಿಯೊಬ್ಬಳು, ತಾಯಿ ಕೊಟ್ಟ, ಹರಿದು ಮಸುಕಾದ ಪಾಕಪುಸ್ತಕವನ್ನು ನೋಡಿಕೊಂಡು ಇಡ್ಲಿಯೇ ಮೊದಲಾದುವನ್ನು ಮಾಡುವಳು. ಆ ಪುಸ್ತಕದ ತಮಿಳನ್ನು ಓದಲು ತಡವರಿಸುವ ಮಗನ ಕಥೆಯೂ ಅದರಲ್ಲಿಯೇ ಇದೆ. ಅಳಿಸಿಹೋದ ಅಕ್ಷರಗಳನ್ನು ಊಹಿಸಿ ಅಡುಗೆಯ ಕ್ರಮವನ್ನು ಕೂಡಿಸುವುದೇ ಆಟಗಾರನ ಕೆಲಸ. ಇಡ್ಲಿಯ ತಟ್ಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದು ಲೋಕದ ವಿಡಿಯೋ ಆಟಗಳಲ್ಲಿ ಒಂದು ಸಮಸ್ಯೆಯಾಗಿ ಬಂದುದು ದಕ್ಷಿಣದೇಶದ ವಾಚಕರಿಗೆ ಕುತೂಹಲಕರವಾಗದೆ ಇರದು. ೨೦೨೪ರಲ್ಲಿ ಇದಕ್ಕೆ ಸ್ವತಂತ್ರ ಆಟಗಳ ಉತ್ಸವದ ಮಹಾಬಹುಮಾನವೂ, ಬ್ರಿಟಿಷ್ ಅಕಾಡೆಮಿಯವರು ಚೊಚ್ಚಲ ಕೃತಿಗೆ ಕೊಡುವ ಬಹುಮಾನವೂ ದೊರೆತುವು.

ಹಾಗೆಂದು ಸ್ವತಂತ್ರವಾದುದೆಲ್ಲವೂ ಗುಣವುಳ್ಳುದೆಂದು ತಿಳಿಯಬಾರದು. ಬಡತನವು ಕೆಲವರ ಕೈಯಲ್ಲಿ ಶೈಲಿಯಾಯಿತು. ಹಲವರ ಕೈಯಲ್ಲಿ ಅದು ಬಡತನವಾಗಿಯೇ ಉಳಿಯಿತು. ದಪ್ಪ ಚೌಕಗಳ ಹಳೆಯ ಮಾದರಿಯ ಚಿತ್ರವು ಮೊದಲು ಅನಿವಾರ್ಯವಾಗಿದ್ದುದು ಕಾಲಕ್ರಮದಲ್ಲಿ ಒಂದು ಸೋಗಾಯಿತು. ಡೆರೆಕ್ ಯು ಎಂಬುವರ ‘ಸ್ಪೆಲಂಕಿ’ಯಲ್ಲಿ (೨೦೦೮) ಗುಹೆಗಳು ಪ್ರತಿಬಾರಿಯೂ ಹೊಸದಾಗಿ ಹುಟ್ಟಿಕೊಳ್ಳುವುವು, ಆದರೂ ಪ್ರತಿಯೊಂದು ಗುಹೆಯೂ ಕರ್ತೃವೇ ಕುಳಿತು ಜೋಡಿಸಿದಂತೆ ತೋರುವುದು, ಏಕೆಂದರೆ ಅದರ ತುಂಡುಗಳನ್ನು ಅವರು ಕೈಯಿಂದಲೇ ರಚಿಸಿದ್ದರು. ಅವರನ್ನು ಅನುಕರಿಸಿದವರಲ್ಲಿ ಅನೇಕರು ಯಾದೃಚ್ಛಿಕತೆಯನ್ನು ಮಾತ್ರ ತೆಗೆದುಕೊಂಡು ರಚನೆಯನ್ನು ಬಿಟ್ಟರು. ಮತ್ತೊಂದು ದೋಷವು ಸ್ವಾತಂತ್ರ್ಯದಿಂದಲೇ ಹುಟ್ಟುವುದು: ‘ಸಾಕು’ ಎನ್ನುವವರು ಯಾರೂ ಇರುವುದಿಲ್ಲ. ಆಟವು ಮುಗಿಯುವುದಕ್ಕೆ ಮೊದಲೇ ಅದನ್ನು ಮಾರುವ ಪದ್ಧತಿಯು ‘ಮೈನ್‌ಕ್ರಾಫ್ಟ್’ನ ಯಶಸ್ಸಿನಿಂದ ಪ್ರಸಿದ್ಧವಾಗಿ, ೨೦೧೩ರಲ್ಲಿ ‘ಸ್ಟೀಮ್’ ಎಂಬ ದೊಡ್ಡ ಅಂಗಡಿಯಲ್ಲಿ ಸ್ಥಿರವಾದ ಏರ್ಪಾಡಾಯಿತು. ಇದರಿಂದ ಎಷ್ಟೋ ಒಳ್ಳೆಯ ಆಟಗಳು ಬದುಕಿಕೊಂಡುವು. ಎಷ್ಟೋ ಆಟಗಳು ಅರ್ಧದಲ್ಲಿಯೇ ನಿಂತು, ಹಣ ಕೊಟ್ಟವರು ಬರಿಗೈಯಲ್ಲಿ ಉಳಿದುದೂ ಉಂಟು.

ಕರ್ತೃಗಳ ಕಷ್ಟದಲ್ಲಿ ಮೊದಲನೆಯದು ಕಾಲ. ಎರಿಕ್ ಬರೋನ್ ಎಂಬುವರು ೨೦೧೧ರಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಗಣಕಶಾಸ್ತ್ರದ ಪದವಿಯನ್ನು ಪಡೆದು, ಕೆಲಸ ಸಿಕ್ಕದೆ, ಅಭ್ಯಾಸಕ್ಕೆಂದು ಒಕ್ಕಲುತನದ ಆಟವೊಂದನ್ನು ಬರೆಯತೊಡಗಿದರು. ಹಾಡು, ಚಿತ್ರ, ಮಾತು, ಕ್ರಮವಿಧಿ ಎಲ್ಲವೂ ಅವರವೇ. ಮಾಡಿದ ಚಿತ್ರಗಳನ್ನು ಅಳಿಸಿ ಮತ್ತೆ ಮತ್ತೆ ಬರೆದರು. ಜೊತೆಗಾರ್ತಿಯ ಸಂಪಾದನೆಯೂ, ಸಿಯಾಟಲ್ಲಿನ ನಾಟಕಶಾಲೆಯೊಂದರಲ್ಲಿ ಪ್ರೇಕ್ಷಕರಿಗೆ ಸ್ಥಳ ತೋರಿಸುವ ಅಲ್ಪಕಾಲದ ಕೆಲಸವೂ ಜೀವನಕ್ಕೆ ಆಧಾರವಾಗಿದ್ದುವು. ನಾಲ್ಕೂವರೆ ವರ್ಷಗಳಾದ ಮೇಲೆ, ೨೦೧೬ನೆಯ ಫೆಬ್ರವರಿ ೨೬ರಂದು ‘ಸ್ಟಾರ್‌ಡ್ಯೂ ವ್ಯಾಲಿ’ ಹೊರಬಂದಿತು. ಎರಡು ತಿಂಗಳಲ್ಲಿ ಹತ್ತು ಲಕ್ಷ, ೨೦೨೪ನೆಯ ಕೊನೆಯ ಹೊತ್ತಿಗೆ ನಾಲ್ಕು ಕೋಟಿಗೂ ಮೇಲ್ಪಟ್ಟ ಪ್ರತಿಗಳು ಮಾರಿದುವು. ಈ ಕಥೆಯನ್ನು ಹೇಳುವವರೆಲ್ಲರೂ ಅದರ ಕೊನೆಯನ್ನು ತಿಳಿದು ಹೇಳುವರು. ನಾಲ್ಕನೆಯ ವರ್ಷದಲ್ಲಿ ಬರೋನ್ ಅವರಿಗೆ ಆ ಕೊನೆಯು ತಿಳಿದಿರಲಿಲ್ಲ. ಅವರಂತೆಯೇ ನಾಲ್ಕು ವರ್ಷ ಕುಳಿತು, ಮಾರಾಟವಾಗದೆ ಹೋದವರ ಕಥೆಯನ್ನು ಬರೆಯುವವರಿಲ್ಲ.

ಇದಕ್ಕಿಂತ ವಿಚಿತ್ರವಾದುದು ‘ಡ್ವಾರ್ಫ್ ಫೋರ್ಟ್ರೆಸ್’ ಎಂಬ ಆಟದ ಚರಿತ್ರೆ. ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ ಎಂಬ ಸೋದರರು ಇದನ್ನು ೨೦೦೨ರಲ್ಲಿ ಆರಂಭಿಸಿದರು. ಟಾರ್ನ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರ್ ಪದವಿಯನ್ನು ಪಡೆದವರು. ೨೦೦೬ರಲ್ಲಿ ವಿಶ್ವವಿದ್ಯಾನಿಲಯದ ಉದ್ಯೋಗವನ್ನು ತ್ಯಜಿಸಿ ಇದೊಂದಕ್ಕೇ ನಿಂತರು. ಆ ವರ್ಷವೇ ಮೊದಲ ಪ್ರತಿಯು ಉಚಿತವಾಗಿ ಹೊರಬಂದಿತು. ಇದರಲ್ಲಿ ಚಿತ್ರಗಳೇ ಇಲ್ಲ. ಬೆರಳಚ್ಚಿನ ಅಕ್ಷರಗಳೂ ಚಿಹ್ನೆಗಳೂ ಬೆಟ್ಟ, ಹೊಳೆ, ಬೆಕ್ಕು, ಕುಳ್ಳರ ಪಟ್ಟಣ ಇವುಗಳಾಗಿ ನಿಲ್ಲುವುವು. ಆದರೆ ಆ ಅಕ್ಷರಗಳ ಹಿಂದೆ ಒಂದು ಲೋಕವಿದೆ. ಆಟವು ಆರಂಭವಾಗುವುದಕ್ಕೆ ಮೊದಲು ಯಂತ್ರವು ಒಂದು ಭೂಮಂಡಲವನ್ನು ಸೃಷ್ಟಿಸಿ, ಮಳೆ ಬೀಳಿಸಿ, ನದಿಗಳನ್ನು ಹರಿಸಿ, ಬೆಟ್ಟಗಳನ್ನು ಸವೆಯಿಸಿ, ನೂರಾರು ವರ್ಷಗಳ ರಾಜರು, ಯುದ್ಧಗಳು, ವಲಸೆಗಳು ಇವೆಲ್ಲವನ್ನೂ ಲೆಕ್ಕಹಾಕಿ ಮುಗಿಸಿರುವುದು. ‘ಎಲೀಟ್’ ಆಟದ ಬೀಜಸಂಖ್ಯೆಯು ಇಲ್ಲಿ ಪುರಾಣವನ್ನೇ ಹೆರುವುದು.

ಈ ಲೋಕದ ಸೂಕ್ಷ್ಮತೆಗೆ ಒಂದು ತಪ್ಪೇ ಒಳ್ಳೆಯ ಸಾಕ್ಷಿ. ಒಂದು ಕಾಲದಲ್ಲಿ ಪಟ್ಟಣದ ಬೆಕ್ಕುಗಳು ಕಾರಣವಿಲ್ಲದೆ ಸಾಯತೊಡಗಿದುವು. ಪರಿಶೀಲಿಸಿದಾಗ ತಿಳಿದುದೇನೆಂದರೆ, ಪಾನಶಾಲೆಯಲ್ಲಿ ಕುಳ್ಳರು ಚೆಲ್ಲಿದ ಮದ್ಯವು ಬೆಕ್ಕುಗಳ ಪಾದಕ್ಕೆ ಅಂಟುತ್ತಿತ್ತು. ಬೆಕ್ಕುಗಳು ಸ್ವಭಾವದಂತೆ ಪಾದವನ್ನು ನೆಕ್ಕಿಕೊಳ್ಳುತ್ತಿದ್ದುವು. ಪ್ರತಿ ನೆಕ್ಕಿಗೂ ಒಂದು ಪೂರ್ಣ ಪಾತ್ರೆಯ ಮದ್ಯವೆಂದು ಲೆಕ್ಕವು ತಪ್ಪಾಗಿ ಹತ್ತುತ್ತಿತ್ತು. ಮದ್ಯ, ಪಾದ, ಮಾರ್ಜಾಲಸ್ವಭಾವ ಈ ಮೂರನ್ನೂ ಬೇರೆ ಬೇರೆಯಾಗಿ ಬರೆದವರು ಒಬ್ಬರೇ. ಅವು ಕೂಡಿ ಬೆಕ್ಕುಗಳನ್ನು ಕೊಲ್ಲುವುವೆಂದು ಅವರೂ ಎಣಿಸಿರಲಿಲ್ಲ. ಇಂತಹ ಲೋಕವನ್ನು ಸಮಿತಿಯೊಂದು ಯೋಜಿಸಿ ಕಟ್ಟುವುದು ಊಹೆಗೂ ನಿಲುಕದು. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ೨೦೧೨ರಲ್ಲಿ ಮೊದಲಬಾರಿಗೆ ಹದಿನಾಲ್ಕು ವಿಡಿಯೋ ಆಟಗಳನ್ನು ತನ್ನ ಸಂಗ್ರಹಕ್ಕೆ ಆರಿಸಿಕೊಂಡಾಗ ಇದೂ ಅವುಗಳಲ್ಲೊಂದಾಗಿತ್ತು.

ಸೋದರರ ಜೀವನವು ಹೇಗೆ ನಡೆಯುತ್ತಿತ್ತು? ಮೆಚ್ಚಿದವರು ಕಳುಹಿಸಿದ ಕಾಣಿಕೆಯಿಂದ. ಅದು ಹೊಟ್ಟೆಗೆ ಸಾಲುತ್ತಿತ್ತು, ಕಾಯಿಲೆಗೆ ಸಾಲುವಂತಿರಲಿಲ್ಲ. ಜ್ಯಾಕ್ ಅವರಿಗೆ ಅರ್ಬುದರೋಗದ ಚಿಕಿತ್ಸೆಯಾಯಿತು. ಅಮೆರಿಕದಲ್ಲಿ ಅಂತಹ ಚಿಕಿತ್ಸೆಯ ವೆಚ್ಚವೆಷ್ಟೆಂಬುದು ಪ್ರತ್ಯಕ್ಷವಾಯಿತು. ವಯಸ್ಸು ಏರುತ್ತಿರುವ ತಮ್ಮಿಬ್ಬರಿಗೂ ಮುಂದೆ ಏನು ಗತಿಯೆಂಬ ಚಿಂತೆಯಿಂದಲೇ ಆಟವನ್ನು ಮಾರಲು ನಿಶ್ಚಯಿಸಿದೆವೆಂದು ೨೦೧೯ರಲ್ಲಿ ಅವರೇ ಬಹಿರಂಗವಾಗಿ ತಿಳಿಸಿದರು. ಕಿಟ್‌ಫಾಕ್ಸ್ ಎಂಬ ಸಂಸ್ಥೆಯ ನೆರವಿನಿಂದ, ಚಿತ್ರಗಳಿಂದ ಅಲಂಕೃತವಾದ ಪ್ರತಿಯು ೨೦೨೨ನೆಯ ಡಿಸೆಂಬರ್ ೬ರಂದು ಮಾರಾಟಕ್ಕೆ ಬಂದಿತು. ಅನೇಕ ವರ್ಷಗಳ ಪ್ರೀತಿಯನ್ನು ಕೂಡಿಟ್ಟಿದ್ದ ಜನರು ಒಮ್ಮೆಗೇ ಕೊಂಡರು. ೨೦೨೩ನೆಯ ಜನವರಿಯೊಂದರಲ್ಲಿಯೇ ಎಪ್ಪತ್ತು ಲಕ್ಷ ಡಾಲರಿಗೂ ಮಿಕ್ಕ ಹಣವು ಸೋದರರಿಗೆ ಬಂದಿತು. ಹಳೆಯ ಅಕ್ಷರಗಳ ಪ್ರತಿಯನ್ನು ಅವರು ಉಚಿತವಾಗಿಯೇ ಉಳಿಸಿದರು. ಇದು ಸುಖಾಂತವಾದ ಕಥೆಯೇ. ಆದರೆ ಕಲಾಸಂಗ್ರಹಾಲಯದ ಮನ್ನಣೆಯು ಬಂದ ಎಷ್ಟೋ ವರ್ಷಗಳ ಅನಂತರವೂ ಕರ್ತೃಗಳು ವೈದ್ಯನ ಬಿಲ್ಲಿಗೆ ಹೆದರಬೇಕಾಗಿದ್ದಿತೆಂಬುದು ಆ ಕಥೆಯಲ್ಲಿ ಅಳಿಸಲಾಗದ ಸಂಗತಿ.

ಎರಡನೆಯ ಕಷ್ಟವು ಸಂತೆಯದು. ಹಿಂದೆ ಬಾಗಿಲು ಮುಚ್ಚಿತ್ತು. ಈಗ ಬಾಗಿಲೇ ಇಲ್ಲದಂತಾಗಿದೆ. ‘ಸ್ಟೀಮ್’ ಅಂಗಡಿಯವರು ಮೊದಲು ತಾವೇ ಆರಿಸಿ ಆಟಗಳನ್ನು ಸೇರಿಸುತ್ತಿದ್ದರು. ೨೦೧೨ರಿಂದ ಗಿರಾಕಿಗಳ ಮತದಿಂದ ಆರಿಸುವ ಪದ್ಧತಿಯು ಬಂದಿತು. ೨೦೧೭ನೆಯ ಜೂನಿನಲ್ಲಿ ಅದನ್ನೂ ಎತ್ತಿಹಾಕಿ, ಒಂದು ಆಟಕ್ಕೆ ನೂರು ಡಾಲರು ಕಟ್ಟಿದವರೆಲ್ಲರಿಗೂ ಪ್ರವೇಶವನ್ನಿತ್ತರು. ೨೦೨೪ನೆಯ ಒಂದೇ ವರ್ಷದಲ್ಲಿ ಅಲ್ಲಿ ೧೮,೦೦೦ಕ್ಕೂ ಹೆಚ್ಚಿನ ಆಟಗಳು ಪ್ರಕಟವಾದುವು. ಎಂದರೆ ದಿನವೊಂದಕ್ಕೆ ಸುಮಾರು ಐವತ್ತು. ವಿಮರ್ಶಕರು ಎಷ್ಟು ಮಂದಿಯಿದ್ದರೂ ಇವುಗಳನ್ನು ಆಡಿ ನೋಡುವುದು ಅಸಾಧ್ಯ. ಹೀಗಿರಲಾಗಿ ಯಾವುದು ಕಣ್ಣಿಗೆ ಬೀಳಬೇಕೆಂಬುದನ್ನು ಅಂಗಡಿಯ ಯಂತ್ರಗಣಿತವೇ ನಿಶ್ಚಯಿಸುವುದು. ಮೊದಲ ವಾರದ ಮಾರಾಟವು ಮಂದವಾದರೆ ಆಟವು ತಳಕ್ಕೆ ಇಳಿಯುವುದು. ಗುಣವಿದ್ದುದು ಹೇಗಾದರೂ ಮೇಲಕ್ಕೆ ಬಂದೇ ಬರುವುದೆಂಬ ಮಾತನ್ನು ಗೆದ್ದವರು ಆಡುವುದುಂಟು. ಸೋತವುಗಳಲ್ಲಿ ಗುಣವಿರಲಿಲ್ಲವೆಂಬುದನ್ನು ತೋರಿಸಿದವರಾರೂ ಇಲ್ಲ. ಅಂಗಡಿಯ ಪಾಲಿನ ನಿಯಮವನ್ನೂ ಇಲ್ಲಿ ಹೇಳಬೇಕು. ಸಾಮಾನ್ಯವಾಗಿ ಬಂದ ಹಣದಲ್ಲಿ ನೂರಕ್ಕೆ ೩೦ ಭಾಗವು ಅಂಗಡಿಗೆ. ೨೦೧೮ರಲ್ಲಿ ಮಾಡಿದ ತಿದ್ದುಪಡಿಯಂತೆ, ಒಂದು ಕೋಟಿ ಡಾಲರನ್ನು ಮೀರಿದ ಮಾರಾಟಕ್ಕೆ ೨೫, ಐದು ಕೋಟಿಯನ್ನು ಮೀರಿದುದಕ್ಕೆ ೨೦. ಅರ್ಥಾತ್, ರಿಯಾಯಿತಿಯು ದೊಡ್ಡವರಿಗೆ. ಪೂರ್ಣ ಸುಂಕವು ಚಿಕ್ಕವರಿಗೆ.

ಅನುಕರಣದ ಭಯವು ಮೂರನೆಯದು. ಆಷರ್ ವೋಲ್ಮರ್ ಮತ್ತು ಗ್ರೆಗ್ ವೋಲ್‌ವೆಂಡ್ ಎಂಬುವರು ಹದಿನಾಲ್ಕು ತಿಂಗಳ ಕಾಲ ತಿದ್ದಿ ತೀಡಿ, ಸಂಖ್ಯೆಗಳ ಬಿಲ್ಲೆಗಳನ್ನು ಸರಿಸಿ ಕೂಡಿಸುವ ‘ಥ್ರೀಸ್’ ಎಂಬ ಆಟವನ್ನು ೨೦೧೪ನೆಯ ಫೆಬ್ರವರಿಯಲ್ಲಿ ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ಅದನ್ನು ಹೋಲುವ ಆಟಗಳು ಹುಟ್ಟಿದುವು. ಅಂತಹ ಒಂದನ್ನು ನೋಡಿ ಇಟಲಿಯ ಹತ್ತೊಂಬತ್ತು ವರ್ಷದ ಗಾಬ್ರಿಯೇಲೆ ಚಿರುಲ್ಲಿ ಎಂಬ ತರುಣನು ವಾರದ ಕೊನೆಯ ರಜೆಯಲ್ಲಿ ‘೨೦೪೮’ ಎಂಬುದನ್ನು ಬರೆದು, ಮಾರ್ಚಿಯಲ್ಲಿ ಉಚಿತವಾಗಿ ಬಿಟ್ಟನು. ಲೋಕವು ಆಡಿದುದು ಅದನ್ನು. ಆ ತರುಣನಿಗೆ ಯಾವ ದುರಾಶೆಯೂ ಇರಲಿಲ್ಲ. ಆಟದ ಮೂಲವನ್ನೂ ಅವನು ಮುಚ್ಚಿಡಲಿಲ್ಲ. ಆಟದ ನಿಯಮಗಳಿಗೆ ಕೃತಿಸ್ವಾಮ್ಯದ ರಕ್ಷಣೆಯಿಲ್ಲ. ಚಿತ್ರಕ್ಕೂ ಸಂಗೀತಕ್ಕೂ ಬರವಣಿಗೆಗೂ ಮಾತ್ರ ಉಂಟು. ಮೊದಲ ಕರ್ತೃಗಳು ಮಾಡಬಲ್ಲದ್ದು ಒಂದೇ ಉಳಿದಿತ್ತು: ಹದಿನಾಲ್ಕು ತಿಂಗಳು ತಮ್ಮೊಳಗೆ ಬರೆದುಕೊಂಡ ಪತ್ರಗಳನ್ನೆಲ್ಲ ಅವರು ಪ್ರಕಟಿಸಿದರು. ತಳ್ಳಿಹಾಕಿದ ನೂರು ಮಾದರಿಗಳ ಮೇಲೆ ಆ ಸರಳತೆಯು ನಿಂತಿತ್ತೆಂಬುದು ಅವುಗಳಿಂದ ತಿಳಿಯುವುದು. ಸರಳವಾಗಿ ಕಾಣುವಂತೆ ಮಾಡಿದುದೇ ಅವರಿಗೆ ಶತ್ರುವಾಯಿತು.

ಸ್ವಾತಂತ್ರ್ಯವೆಂಬುದೂ ನಿರುಪಾಧಿಕವಲ್ಲ. ಹೆಚ್ಚಿನ ಕರ್ತೃಗಳು ಆಟದ ಒಳಯಂತ್ರವನ್ನು ತಾವೇ ಕಟ್ಟದೆ, ಸಿದ್ಧವಾದ ‘ಎಂಜಿನು’ಗಳನ್ನು ಬಾಡಿಗೆಗೆ ಪಡೆಯುವರು. ಇವುಗಳಲ್ಲಿ ಬಹು ಪ್ರಚಾರದಲ್ಲಿದ್ದ ‘ಯೂನಿಟಿ’ಯವರು ೨೦೨೩ನೆಯ ಸೆಪ್ಟೆಂಬರ್ ೧೨ರಂದು, ಇಂತಿಷ್ಟು ಸಂಖ್ಯೆಯನ್ನು ಮೀರಿದ ಮೇಲೆ ಆಟವನ್ನು ಯಂತ್ರದಲ್ಲಿ ಸ್ಥಾಪಿಸಿಕೊಂಡ ಪ್ರತಿಸಲಕ್ಕೂ ಶುಲ್ಕವನ್ನು ತೆರಬೇಕೆಂದು ಸಾರಿದರು, ಹಿಂದೆಯೇ ಪ್ರಕಟವಾದ ಆಟಗಳಿಗೂ ಇದು ಅನ್ವಯಿಸುವಂತಿದ್ದಿತು. ಅಗ್ಗವಾದ ಆಟಕ್ಕೆ ಗಳಿಕೆಗಿಂತ ಶುಲ್ಕವೇ ಹೆಚ್ಚಾಗಬಹುದೆಂಬ ಭೀತಿಯಿಂದ ದೊಡ್ಡ ಪ್ರತಿಭಟನೆಯೆದ್ದಿತು. ಹತ್ತು ದಿನಗಳಲ್ಲಿ ನಿಯಮವು ಸಡಿಲವಾಯಿತು. ೨೦೨೪ನೆಯ ಸೆಪ್ಟೆಂಬರಿನಲ್ಲಿ ಪೂರ್ಣವಾಗಿ ರದ್ದಾಯಿತು. ಆದರೂ ‘ಸ್ಲೇ ದಿ ಸ್ಪೈರ್’ ಎಂಬ ಪ್ರಸಿದ್ಧವಾದ ಆಟದ ಕರ್ತೃಗಳೇ ಮೊದಲಾದ ಕೆಲವರು, ಆಗಲೇ ಮಾಡಿದ್ದ ಕೆಲಸವನ್ನು ಬಿಟ್ಟು, ಯಾರ ಒಡೆತನಕ್ಕೂ ಸೇರದ ‘ಗೊಡೊ’ ಎಂಬ ಎಂಜಿನಿಗೆ ಹೋದರು.

ಕೊನೆಯದಾಗಿ ಉಳಿಯುವಿಕೆಯ ಪ್ರಶ್ನೆ. ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಎಕ್ಸ್‌ಬಾಕ್ಸ್ ಯಂತ್ರಕ್ಕೆ ೨೦೦೮ರಲ್ಲಿ ತೆರೆದ ಸ್ವತಂತ್ರ ಆಟಗಳ ವಿಭಾಗವನ್ನು ೨೦೧೭ರಲ್ಲಿ ಮುಚ್ಚಿತು; ಬೇರೆಲ್ಲಿಯೂ ಪ್ರಕಟವಾಗದ ಎಷ್ಟೋ ಆಟಗಳನ್ನು ಅಲ್ಲಿಂದ ಮುಂದೆ ಕೊಳ್ಳುವ ಮಾರ್ಗವಿಲ್ಲದೆ ಹೋಯಿತು. ೨೦೨೦ನೆಯ ಡಿಸೆಂಬರಿನ ಕೊನೆಯಲ್ಲಿ ‘ಫ್ಲ್ಯಾಶ್’ ಎಂಬ ಸಾಧನಕ್ಕೆ ಆಧಾರವು ನಿಂತುಹೋದಾಗ, ಒಂದು ತಲೆಮಾರಿನ ಚಿಕ್ಕ ಆಟಗಳೆಲ್ಲವೂ ನಾಶವಾಗುವುದರಲ್ಲಿದ್ದುವು. ಉತ್ಸಾಹಿಗಳು ಮೊದಲೇ ಎಚ್ಚೆತ್ತು ‘ಫ್ಲ್ಯಾಶ್‌ಪಾಯಿಂಟ್’ ಎಂಬ ಸಂಗ್ರಹವನ್ನು ಕಟ್ಟಿದುದರಿಂದ ಬಹಳಷ್ಟು ಉಳಿದುವು. ಓಲೆಗರಿಯನ್ನು ಹುಳು ತಿಂದರೂ ಚೂರುಗಳಾದರೂ ಸಿಕ್ಕುವುವು. ಇವುಗಳಲ್ಲಿ ಅದೂ ಇಲ್ಲ.

ಐರ್ಲೆಂಡಿನ ಟೆರಿ ಕ್ಯಾವನಾ ಎಂಬುವರು ಈ ವಿಷಯದಲ್ಲಿ ಮಾಡಿದುದು ಪ್ರಶಂಸನೀಯವಾಗಿದೆ. ಆರು ‘ವಿ’ ಅಕ್ಷರಗಳನ್ನೇ ಹೆಸರಾಗುಳ್ಳ ಅವರ ಆಟವು ೨೦೧೦ನೆಯ ಜನವರಿಯಲ್ಲಿ ಬಂದಿತು. ಅದರ ನಾಯಕನು ಹಾರಲಾರನು. ಭೂಮಿಯ ಆಕರ್ಷಣವನ್ನು ತಲೆಕೆಳಗುಮಾಡುವುದೊಂದೇ ಅವನಿಗೆ ಗೊತ್ತು. ಹತ್ತು ವರ್ಷಗಳು ತುಂಬಿದಾಗ, ೨೦೨೦ರಲ್ಲಿ, ಕ್ಯಾವನಾ ಅವರು ಆಟದ ಮೂಲಬರವಣಿಗೆಯನ್ನು ಎಲ್ಲರಿಗೂ ತೆರೆದಿಟ್ಟರು. ವೃತ್ತಿನಿಪುಣರು ಅದನ್ನು ನೋಡಿ ಬೆರಗಾದರು: ಆಟದ ಘಟನೆಗಳನ್ನೆಲ್ಲ ಸಾವಿರಾರು ಸಾಲುಗಳಷ್ಟು ಉದ್ದವಾದ ಒಂದೇ ಪಟ್ಟಿಯಲ್ಲಿ, ಸಂಖ್ಯೆಯ ಮೇಲೆ ಸಂಖ್ಯೆಯಾಗಿ ತುಂಬಲಾಗಿತ್ತು. ಯಾವ ಪಾಠಶಾಲೆಯಲ್ಲಿಯೂ ಉತ್ತೀರ್ಣವಾಗಲಾರದ ಬರವಣಿಗೆ ಅದು. ಅದನ್ನು ಮುಚ್ಚಿಡದೆ ತೋರಿಸಿದುದರಿಂದ ಬೇರೆಯವರು ಕೈಹಾಕಿ ದೋಷಗಳನ್ನು ತಿದ್ದಿದರು. ೨೦೨೪ನೆಯ ಜನವರಿಯಲ್ಲಿ ಹೊರಬಂದ ಪರಿಷ್ಕೃತ ಪ್ರತಿಯು ಅನೇಕ ಭಾಷೆಗಳಲ್ಲಿ ಲಭ್ಯವಾಯಿತು; ಅವುಗಳಲ್ಲಿ ವೆಲ್ಷ್, ಎಸ್ಪೆರಾಂಟೋ, ಕರ್ತೃವಿನ ದೇಶಭಾಷೆಯಾದ ಐರಿಷ್ ಇವೂ ಸೇರಿರುವುವು.